ಬಾಗಿಲಲ್ಲಿ ನಿಂತು ಕೂಗಿದ ಪಾಸ್‌ವರ್ಡ್‌ಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗಂಗಾವತಿಯ ಒಂದು ಬಿತ್ತನೆ ಬೀಜದ ಸಂಘದಲ್ಲಿ ಹೆಡ್ ಕ್ಲಾರ್ಕ್ ಆಗಿದ್ದೆ. ಆ ವರ್ಷ ಸಂಘಕ್ಕೆ ಕಂಪ್ಯೂಟರು ಬಂತು. ಅದಕ್ಕೆಂದು ಒಂದು ಕೋಣೆ ಖಾಲಿ ಮಾಡಿಸಿ, ಕಿಟಕಿಗೆ ದಪ್ಪ ಪರದೆ ಹಾಕಿಸಿದರು. ಧೂಳು ಹೋದರೆ ಯಂತ್ರ ಕೆಡುತ್ತದೆ ಎಂದು ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಿಯಮವಾಯಿತು. ನಿಯಮ ಸರಿಯಾಗಿತ್ತು. ಅದು ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಿತು ಎಂಬುದು ಮುಂದೆ ಗೊತ್ತಾಗುತ್ತದೆ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಯಂತ್ರಕ್ಕೆ ಕೆಲಸ ಕಲಿಸಲು ಹುಬ್ಬಳ್ಳಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಯಂತ್ರದೊಳಗೆ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್ ಇರುತ್ತದೆ ಎಂದು ಅವನು ಹೇಳಿದ. ಕೆಲವರು ಬರೀ ನೋಡಬಹುದು. ಕೆಲವರು ಗೋದಾಮಿಗೆ ಬಂದ ಮಾಲು, ಹೋದ ಮಾಲು ಬರೆಯಬಹುದು. ಕೆಲವರು ಮಾಲು ಹೊರಗೆ ಬಿಡಲು ಒಪ್ಪಿಗೆ ಕೊಡಬಹುದು. ಇವೆಲ್ಲಕ್ಕೂ ಮೇಲೆ ಒಬ್ಬರಿರುತ್ತಾರೆ. ಹೊಸ ಹೆಸರು ಸೇರಿಸುವುದು, ಮುಚ್ಚಿದ ಹೆಸರನ್ನು ತೆರೆಯುವುದು ಅವರ ಕೆಲಸ.

"ನಿಮ್ಮಲ್ಲಿ ಯಾರ್ಯಾರು ಏನೇನು ಕೆಲಸ ಮಾಡ್ತಾರ, ಅಷ್ಟು ಹೇಳ್ರಿ, ಅದರ ಪ್ರಕಾರ ಹಾಕ್ತೀನಿ," ಎಂದ ಎಂಜಿನಿಯರ್.

ಉತ್ತರ ಕೊಟ್ಟವರು ಸಂಘದ ಕಾರ್ಯದರ್ಶಿ. "ಅಧ್ಯಕ್ಷರಿಗೆ ಎಲ್ಲಾ ಹಾಕ್ರಿ. ನಿರ್ದೇಶಕರು ಆರು ಮಂದಿ ಅದಾರ, ಅವರಿಗೆಲ್ಲಾ ಒಪ್ಪಿಗಿ ಕೊಡೂದು ಹಾಕ್ರಿ."

"ಅವರು ಮಷಿನ್ ಮುಂದ ಕುಂದರ್ತಾರೇನ್ರಿ?"

"ಕುಂದರೂದು ಬ್ಯಾರೆ, ಹಾಕೂದು ಬ್ಯಾರೆ. ಊಟದ ಪಂಕ್ತಿಯಾಗ ದೊಡ್ಡವರ ಎಲಿಗೆ ಕಡಿಮಿ ಬಡಸ್ತಾರೇನು?"

"ಸಾಹೇಬ್ರ, ಇದು ಊಟ ಅಲ್ಲರಿ."

"ನೀವು ಬಡಸ್ರಿ, ಉಣ್ಣೂದು ಬಿಡೂದು ಅವರಿಗೆ ಬಿಟ್ಟದ್ದು," ಎಂದು ಕಾರ್ಯದರ್ಶಿಗಳು ನಕ್ಕರು. ಇದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ಎಪ್ಪತ್ತರ ದಶಕದಲ್ಲಿ ಯಲಬುರ್ಗಾದ ಒಂದು ಗೋದಾಮಿನಲ್ಲಿ ನಾನು ಕೆಲಸ ಮಾಡಿದ್ದೆ. ಅಲ್ಲಿನ ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ನನ್ನ ಬಳಿ, ಇನ್ನೊಂದರದು ಮ್ಯಾನೇಜರ ಬಳಿ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಮ್ಯಾನೇಜರು ಒಂದು ದಿನವೂ ನನ್ನ ಕೀಲಿ ಕೇಳಲಿಲ್ಲ. ಅದರಿಂದ ಅವರ ದೊಡ್ಡಸ್ತಿಕೆಗೆ ಕುಂದು ಬಂತೆಂದು ಊರಲ್ಲಿ ಯಾರೂ ಆಡಿಕೊಳ್ಳಲೂ ಇಲ್ಲ. ಕೊಪ್ಪಳದ ವಸತಿ ಶಾಲೆಯಲ್ಲಿ ಗಂಟೆ ಹೊಡೆದಂತೆ ಎದ್ದು, ಗಂಟೆ ಹೊಡೆದಂತೆ ಉಂಡು ಬೆಳೆದ ನನಗೆ ಅದು ಸಹಜವಾಗಿಯೇ ಕಂಡಿತ್ತು. ಒಬ್ಬನಿಗೆ ಇಷ್ಟೇ ಅಧಿಕಾರ ಎಂದರೆ ಅದು ಅವನಿಗೆ ಮಾಡುವ ಅವಮಾನವಲ್ಲ, ಅವನ ಜವಾಬ್ದಾರಿಯ ಎಲ್ಲೆ. ಗಂಗಾವತಿಯಲ್ಲಿ ಇಷ್ಟು ಸಣ್ಣ ಮಾತನ್ನು ಯಾರಿಗೂ ತಿಳಿಸಲಾಗಲಿಲ್ಲ.

ಯಂತ್ರದ ಮುಂದೆ ನಿಜವಾಗಿ ಕೂರುತ್ತಿದ್ದವಳು ಒಬ್ಬಳೇ. ಟೈಪಿಂಗ್ ಪರೀಕ್ಷೆ ಪಾಸು ಮಾಡಿದ ಹುಡುಗಿ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಿದ್ದಳು. ಅವಳದು ತಾತ್ಕಾಲಿಕ ನೌಕರಿ. 'ಕಾಯಂ ಆಗೋತನಕ ಲಗ್ನದ ಮಾತು ತೆಗೀಬ್ಯಾಡ್ರಿ' ಎಂದು ಮನೆಯವರಿಗೆ ಹೇಳಿಟ್ಟಿದ್ದಳು. ಅವಳಿಗೆ ಸಿಕ್ಕಿದ್ದು ಬರೆಯುವ ಅಧಿಕಾರ ಮಾತ್ರ. ಅದು ಸರಿಯೇ. ತಪ್ಪಿದ್ದದ್ದು ಉಳಿದವರಿಗೆ ಕೊಟ್ಟದ್ದರಲ್ಲಿ.

ಅಧ್ಯಕ್ಷರೂ ನಿರ್ದೇಶಕರೂ ಬರುತ್ತಿದ್ದರು. ಬೂಟು ಬಿಚ್ಚುವುದು ಯಾರಿಗೆ ಬೇಕು? ಹೊಸ್ತಿಲ ಹೊರಗೇ ನಿಂತು, "ತಂಗಿ, ನನ್ನ ಹೆಸರ್ಲೆ ಒತ್ತಿಬಿಡು," ಎಂದು ಪಾಸ್‌ವರ್ಡನ್ನು ಕೂಗಿ ಹೇಳುತ್ತಿದ್ದರು. ಎಲ್ಲರದೂ ಮನೆದೇವರ ಹೆಸರೇ. ಕೂಗಿದ್ದು ಹೊರಗೆ ತೂಕದ ಯಂತ್ರದ ಬಳಿ ನಿಂತ ಹಮಾಲರಿಗೂ ಕೇಳುತ್ತಿತ್ತು. "ಸಾಹೇಬ್ರ, ಅದು ಗುಟ್ಟಾಗಿರಬೇಕ್ರಿ," ಎಂದು ನಾನು ಒಬ್ಬರಿಗೆ ಹೇಳಿದೆ. "ದೇವರ ಹೆಸರು ಗುಟ್ಟು ಯಾಕೋ ಮಾರಾಯ?" ಎಂದು ಅವರು ನನ್ನ ಬೆನ್ನು ತಟ್ಟಿ ಹೋದರು.

ಮುಂಗಾರಿನ ಹೊತ್ತಿಗೆ ಸಜ್ಜೆಯ ಬೀಜದ ಚೀಲಗಳ ಒಂದು ಲಾಟು ಗೋದಾಮಿನಲ್ಲಿತ್ತು. ಅದರ ಮೊಳಕೆ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಪರೀಕ್ಷೆ ಆಗದ ಲಾಟನ್ನು ಬಿಡಬಾರದು. ಆದರೆ ಒಪ್ಪಿಗೆ ಕೊಡುವವರ ಹೆಸರಿನಲ್ಲಿ ಒತ್ತಿದರೆ ಯಂತ್ರ ಬಿಡುತ್ತಿತ್ತು. ಕುಷ್ಟಗಿಯಲ್ಲಿ ಅಧ್ಯಕ್ಷರ ಬೀಗರ ಬೀಜದಂಗಡಿ ಇತ್ತು. ಅಧ್ಯಕ್ಷರು ರಾಯಚೂರಿನಿಂದ ಫೋನು ಮಾಡಿದರು. ಫೋನು ಇದ್ದದ್ದು ನನ್ನ ಮೇಜಿನ ಮೇಲೆ. ಹುಡುಗಿಯನ್ನು ಕರೆದು ಕೊಟ್ಟೆ. ದೂರದ ಊರಿನ ಟ್ರಂಕ್ ಕಾಲ್ ಆದ್ದರಿಂದ ಅವರು ಕೂಗುತ್ತಿದ್ದದ್ದು ನನಗೂ ಸ್ಪಷ್ಟವಾಗಿ ಕೇಳಿಸಿತು.

"ಆ ಸಜ್ಜಿ ಲಾಟು ಬಿಡು."

"ಪರೀಕ್ಷಾ ಬಂದಿಲ್ಲರಿ ಸರ."

"ಅಧ್ಯಕ್ಷ ನಾನೋ, ನೀನೋ?"

ಹುಡುಗಿ ನನ್ನ ಮುಖ ನೋಡಿದಳು. ಫೋನನ್ನು ನಾನು ತೆಗೆದುಕೊಂಡು, ಬಿಡಬಾರದು ಎಂದೆ. "ನಿಮ್ಮನ್ನ ಕೇಳಿಲ್ಲ," ಎಂದು ಅತ್ತ ಕಡೆ ರಿಸೀವರ್ ಇಟ್ಟ ಸದ್ದು. ಕಾರ್ಯದರ್ಶಿಗಳು ಬಂದು, "ಒತ್ತವ್ವ, ದೊಡ್ಡವರ ಮಾತು," ಎಂದರು. ಅವಳು ಒತ್ತಿದಳು. ಲಾರಿ ಕುಷ್ಟಗಿಗೆ ಹೋಯಿತು.

ಸಜ್ಜೆ ಮೊಳೆಯಲಿಲ್ಲ. ಬಿತ್ತಿ ವಾರ ಕಳೆಯುವಷ್ಟರಲ್ಲಿ ಕುಷ್ಟಗಿ ಕಡೆಯ ರೈತರು ಟೆಂಪೋ ಮಾಡಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಂತರು. ಅವರಿಗೆ ಬೇರೆ ಬೀಜ ಕೊಟ್ಟು ಕಳಿಸಿದ್ದಾಯಿತು. ಅಂದೇ ಸಂಜೆ ಆಡಳಿತ ಮಂಡಳಿಯ ಸಭೆ ಕರೆದರು. ಹುಡುಗಿಯನ್ನು ಒಳಗೆ ಕರೆದು ಗೋಡೆಯ ಪಕ್ಕ ನಿಲ್ಲಿಸಿದರು. ಕುರ್ಚಿ ಕೊಡಲಿಲ್ಲ.

"ಯಂತ್ರದಾಗ ಅಧ್ಯಕ್ಷರ ಹೆಸರ್ಲೆ ಬಿಟ್ಟದ್ದು ಐತ್ರಿ," ಎಂದರು ಕಾರ್ಯದರ್ಶಿ, ತಲೆ ತಗ್ಗಿಸಿ.

"ನಾ ಅವತ್ತು ರಾಯಚೂರಾಗ ಇದ್ದೆ," ಎಂದರು ಅಧ್ಯಕ್ಷರು. "ಆ ಮಷಿನ್ ನಾ ಮುಟ್ಟೇ ಇಲ್ಲ. ನನ್ನ ಪಾಸ್‌ವರ್ಡ್ ಈಕಿಗೆ ಗೊತ್ತು. ಈಕಿನ ಒತ್ತ್ಯಾಳ. ನಾಳಿಂದ ಈಕಿ ಬರೂದು ಬ್ಯಾಡ."

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಅಧ್ಯಕ್ಷರ, ಫೋನು ನನ್ನ ಮೇಜಿನ ಮ್ಯಾಲ ಇತ್ತು. ನೀವು ಅಂದದ್ದು ನಾ ಕೇಳೀನಿ. ನಿಮ್ಮ ಪಾಸ್‌ವರ್ಡ್ ಈ ಹುಡುಗಿಗಷ್ಟ ಅಲ್ಲ, ಅಂಗಳದಾಗಿನ ಹಮಾಲರಿಗೂ ಗೊತ್ತೈತಿ. ಬಾಗಿಲದಾಗ ನಿಂತು ಒದರಿದವರು ನೀವು."

"ಹೆಡ್ ಕ್ಲಾರ್ಕ್ರ, ಕುಂದರ್ರಿ!"

"ಕುಂದರಂಗಿಲ್ಲರಿ. ನನ್ನೂ ತೆಗೀರಿ ಬೇಕಾದ್ರ."

ಮೇಜಿನ ಸುತ್ತ ಇದ್ದ ಆರು ಮಂದಿ ನಿರ್ದೇಶಕರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರಿಗೂ ಸತ್ಯ ಗೊತ್ತಿತ್ತು. ಎಲ್ಲರೂ ಒಂದಲ್ಲ ಒಂದು ದಿನ ಅದೇ ಹೊಸ್ತಿಲಲ್ಲಿ ನಿಂತು ಕೂಗಿದ್ದವರೇ. ಅಧಿಕಾರ ಅವರದು, ಬೆರಳು ಅವಳದು; ಕೆಟ್ಟಾಗ ಮಾತ್ರ ಬೆರಳಿನದೇ ತಪ್ಪು. ಆ ಮೌನದ ಮೇಲೆ ನನಗೆ ಇಂದಿಗೂ ಇರುವಷ್ಟು ಸಿಟ್ಟು ಅಧ್ಯಕ್ಷರ ಮೇಲೂ ಇಲ್ಲ.

ಆಗ ಹುಡುಗಿಯೇ ಮಾತಾಡಿದಳು. "ತೆಗೀರಿ ಸರ. ಆದ್ರ ಇಟ್ಟುಕೊಂಡ್ರ, ನಾಳಿಂದ ನಿಮ್ಮ ಯಾರ ಹೆಸರೂ ನಾ ಒತ್ತಂಗಿಲ್ಲ. ನನ್ನ ಹೆಸರ್ಲೆ ಏನು ಬರೀಬೇಕೋ ಅಷ್ಟ ಬರೀತೀನಿ."

ಮರುದಿನ ಬೆಳಿಗ್ಗೆ ಭತ್ತದ ಬೀಜ ತುಂಬಿದ ಲಾರಿಗಳು ಶ್ರೀರಾಮನಗರಕ್ಕೆ ಹೊರಡಬೇಕಿತ್ತು. ಆದ್ದರಿಂದ ಅವಳನ್ನು ತೆಗೆಯುವ ತೀರ್ಮಾನವನ್ನು ಒಂದು ದಿನ ಮುಂದಕ್ಕೆ ಹಾಕಿದರು. ಕರುಣೆಯಿಂದಲ್ಲ, ಕೆಲಸ ಆಗಬೇಕಿತ್ತು ಎಂದು.

ಬೆಳಿಗ್ಗೆ ಅವಳು ಲಾರಿಗಳ ವಿವರವೆಲ್ಲ ಬರೆದು, ಕೈಕಟ್ಟಿ ಕೂತಳು. ಒಪ್ಪಿಗೆಗೆ ನಿರ್ದೇಶಕರನ್ನು ಕರೆಸಿದರು. "ಅಧ್ಯಕ್ಷರು ಬಂದಾಗ ಅವರ ಮುಂದ ನಾವು ಹೆಂಗ ಒತ್ತೂದ್ರಿ?" ಎಂದು ಅವರು ವರಾಂಡದಲ್ಲೇ ನಿಂತರು. ಅಧ್ಯಕ್ಷರು ಬೂಟು ಬಿಚ್ಚಿ ಒಳಗೆ ಹೋದರು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ತಪ್ಪಿತು. ಮತ್ತೆ ಒತ್ತಿದರು, ಮತ್ತೆ ತಪ್ಪಿತು. ಮೂರನೆಯ ಸಲವೂ ತಪ್ಪಿದಾಗ ಯಂತ್ರ ಅವರ ಹೆಸರನ್ನೇ ಮುಚ್ಚಿಬಿಟ್ಟಿತು.

"ತೆರಿ ತಂಗಿ," ಎಂದರು.

"ನನಗ ಬರಂಗಿಲ್ಲರಿ. ಮುಚ್ಚಿದ್ದು ತೆರಿಯೋ ಅಧಿಕಾರ ಒಬ್ಬರಿಗಷ್ಟ ಐತಿ."

"ಯಾರಿಗೆ?"

"ನಿಮಗ ಸರ."

ಅಧ್ಯಕ್ಷರಿಗೇ ಹೀಗಾದದ್ದು ಕಂಡು ನಿರ್ದೇಶಕರಲ್ಲಿ ಯಾರೂ ಹೊಸ್ತಿಲು ದಾಟಲಿಲ್ಲ. ಹೊರಗೆ ಲಾರಿ ಚಾಲಕರು ಹಾರನ್ ಹೊಡೆಯುತ್ತಿದ್ದರು. ಹುಬ್ಬಳ್ಳಿಗೆ ಫೋನು ಹೋಯಿತು. ಎಂಜಿನಿಯರ್ ಮಧ್ಯಾಹ್ನದ ಬಸ್ಸಿಗೆ ಬಂದ. ಲಾರಿ ಬಿಡುವ ಅವಸರದಲ್ಲಿ ಕಾರ್ಯದರ್ಶಿಗಳು, "ಈ ಸಲ ನೀವ ಹೇಳ್ರಿ," ಎಂದು ನನ್ನನ್ನು ಮುಂದೆ ಮಾಡಿದರು. ಈ ಸಲ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವನು ನಾನು. ಯಾರು ದೊಡ್ಡವರು ಎಂದು ಹೇಳಲಿಲ್ಲ. ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಹೇಳಿದೆ. ಪರೀಕ್ಷೆಯ ಫಲಿತಾಂಶ ಬರೆಯುವುದು ಬೀಜ ಪರೀಕ್ಷಕ. ಮಾಲಿನ ವಿವರ ಬರೆಯುವುದು ಹುಡುಗಿ. ಒಪ್ಪಿಗೆ ಗೋದಾಮಿನ ಮ್ಯಾನೇಜರದು, ಅದೂ ಪರೀಕ್ಷೆ ಬಂದ ಲಾಟಿಗೆ ಮಾತ್ರ. ಮುಚ್ಚಿದ ಹೆಸರು ತೆರೆಯುವುದು ನಾನು. ಅಧ್ಯಕ್ಷರು, ನಿರ್ದೇಶಕರು ನೋಡಬಹುದು.

"ಬರೇ ನೋಡೂದೇನು?" ಎಂದರು ಒಬ್ಬ ನಿರ್ದೇಶಕರು.

"ಇಷ್ಟು ದಿನ ಅದನ್ನೂ ಮಾಡಿಲ್ಲಲ್ಲರಿ," ಎಂದೆ.

ಸಂಜೆಗೆ ಲಾರಿಗಳು ಹೊರಟವು. ಹುಡುಗಿಯನ್ನು ತೆಗೆಯುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಿನ್ನ ಮೇಲೆ ಹೊರಿಸಿದ್ದು ತಪ್ಪಾಯಿತು ಎಂದೂ ಯಾರೂ ಹೇಳಲಿಲ್ಲ. ಮುಂದಿನ ವರ್ಷ ಅವಳನ್ನು ಕಾಯಂ ಮಾಡಿದರು. ಆದೇಶವನ್ನು ಅವಳ ಕೈಗೆ ಕೊಟ್ಟವನು ನಾನೇ. ಅವಳು ಎರಡು ಸಲ ಓದಿ ನನಗೇ ತಿರುಗಿ ಕೊಟ್ಟಳು.

"ಸರ, ಇದರಾಗ ಸಹಾಯಕಿ ಅಂತಷ್ಟ ಐತಿ. ನನ್ನ ಕೆಲಸ ಯಾವುದು, ಯಾವುದಲ್ಲ, ಅದು ಬರ್ದಿಲ್ಲರಿ. ಅದನ್ನ ಬರಸ್ರಿ. ಆಮ್ಯಾಲ ಸಹಿ ಮಾಡ್ತೀನಿ."

ನಾನು ಆದೇಶ ಹಿಡಿದುಕೊಂಡು ನೆಟ್ಟಗೆ ಕಾರ್ಯದರ್ಶಿಗಳ ಕೋಣೆಗೆ ನಡೆದೆ.