ಕೂಗು ಕೇಳುವ ರಸ್ತೆಗಳು

ನಮ್ಮಪ್ಪ ಮೂವತ್ತು ವರ್ಷ ಸೈಕಲ್ ತುಳಿದು ಕೂದಲು ಕೊಂಡವನು. ತಲೆ ಬಾಚಿದಾಗ ಬಾಚಣಿಗೆಗೆ ಬರುತ್ತದಲ್ಲ, ಆ ಕೂದಲು. ಹೆಂಗಸರು ಅದನ್ನು ಉಂಡೆ ಮಾಡಿ ಗೋಡೆಯ ಸಂದಿಗೋ ಹೆಂಚಿನ ಕೆಳಗೋ ಸಿಕ್ಕಿಸಿಡುತ್ತಿದ್ದರು. ಅಪ್ಪ ಬಂದಾಗ ಅದನ್ನು ಕೊಟ್ಟು ಹೇರ್‌ಪಿನ್ನು, ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಜಗ್ಗು ತೆಗೆದುಕೊಳ್ಳುತ್ತಿದ್ದರು. ಆ ಕೂದಲಿನಲ್ಲಿ ನಾನು ಇತಿಹಾಸದ ಎಂ.ಎ. ಮಾಡಿದೆ. ನಮ್ಮ ವಂಶದಲ್ಲಿ ಡಿಗ್ರಿ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದ ಮೊದಲನೆಯವನು ನಾನೇ. ಇದನ್ನೀಗ ಇಷ್ಟು ನೇರವಾಗಿ ಬರೆಯುತ್ತಿದ್ದೇನೆ. ಹೋದ ವರ್ಷದ ಒಂದು ಭಾನುವಾರದವರೆಗೆ ಮಾತ್ರ ಯಾರು ಕೇಳಿದರೂ ‘ಅಪ್ಪ ವ್ಯಾಪಾರ ಮಾಡ್ತಿದ್ರು’ ಅಂದು ಮಾತು ತಿರುಗಿಸುತ್ತಿದ್ದೆ.

ಅಪ್ಪನಿಗೆ ಬಸ್ಸಿನ ಬೋರ್ಡು ಓದುವುದಕ್ಕೂ ಬಾರದು. ಆದರೆ ಮದ್ದೂರಿನಿಂದ ಚಿಕ್ಕರಸಿನಕೆರೆ ಮೇಲೆ ಮಳವಳ್ಳಿ, ಅಲ್ಲಿಂದ ಹಲಗೂರು ದಾಟಿ ಕಾವೇರಿ ಕಣಿವೆಯ ಬೆಟ್ಟಗಳವರೆಗೆ ದೊಡ್ಡ ರಸ್ತೆಯನ್ನು ಆದಷ್ಟೂ ಮುಟ್ಟದೆ ಹೋಗುವ ದಾರಿ ಅವನಿಗೆ ಗೊತ್ತಿತ್ತು. ನಾಲೆಯ ಏರಿ, ಗದ್ದೆ ನಡುವಿನ ಗಾಡಿ ಜಾಡು, ಕೆರೆಕೋಡಿ, ಆಮೇಲೆ ಬೆಟ್ಟದ ಬುಡ ಸುತ್ತುವ ಮಣ್ಣು ರಸ್ತೆ. ಯಾಕೆ ಇಷ್ಟು ಬಳಸಿಕೊಂಡು ಹೋಗ್ತೀಯ ಅಂತ ಒಮ್ಮೆ ಕೇಳಿದ್ದೆ.

“ದೊಡ್ ರೋಡಲ್ಲಿ ಕೂಗುದ್ರೆ ಲಾರಿಗೆ ಕೇಳುಸ್ತದೆ. ಅಟ್ಟೀಲಿರೋ ಎಂಗುಸ್ರಿಗೆ ಕೇಳುಸ್ತದೇನ್ಲಾ?” ಅಂದಿದ್ದ.

ಮಂಡಿ ಹಿಡಿದುಕೊಂಡ ಮೇಲೆ ಅಪ್ಪ ಸೈಕಲ್ ಬಿಟ್ಟ. ನಾನು ಎತ್ತಿಕೊಂಡೆ. ಮದ್ದೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ವಾರವೆಲ್ಲ ಗಂಟಲು ಹರಿದುಕೊಳ್ಳುವವನಿಗೆ ಭಾನುವಾರ ಆ ದಾರಿಗಳೇ ಬೇಕಾಗುತ್ತಿದ್ದವು. ಕಬ್ಬಿನ ಟ್ರ್ಯಾಕ್ಟರ್ ಇಲ್ಲ, ಅದರ ಹಾಡಿನ ಅರಚಾಟವಿಲ್ಲ. ಒಂದೊಂದು ಊರ ಮುಂದೆ ಒಂದೊಂದು ವೀರಗಲ್ಲು. ಅಪ್ಪನಿಗೆ ಇದು ಸ್ವಲ್ಪವೂ ಸೇರುತ್ತಿರಲಿಲ್ಲ. “ನಿನ್ನ ಓದ್ಸಿದ್ದು ಪೆಡ್ಲು ತುಳೀಲಿ ಅಂತಲ್ಲ ಕಣ್ಲಾ” ಅಂದು ಮುಖ ತಿರುಗಿಸುತ್ತಿದ್ದ. ಹಾದಿಯಲ್ಲಿ ಸಿಕ್ಕವರದು ಇನ್ನೊಂದು: “ಯಾಕ್ ಮೇಷ್ಟ್ರೇ, ಪೆಟ್ರೋಲಿಗೂ ತತ್ವಾರವಾ?” ಡಿಗ್ರಿ ಮಾಡಿದವನು ಸೈಕಲ್ಲಿನಲ್ಲಿ ಕಂಡರೆ ಇವರಿಗೆ ಕರುಣೆ ಉಕ್ಕುತ್ತದೆ. ಆ ಕರುಣೆ ನೋಡಿದರೇ ನನಗೆ ಮೈ ಉರಿಯುತ್ತದೆ.

ಹೀಗಿರುವಾಗ ಬೆಂಗಳೂರಿನ ಸೈಕಲ್ ತಂಡದ ಒಬ್ಬ ಫೋನ್ ಮಾಡಿದ. ವಾಹನಗಳಿಲ್ಲದ ದಾರಿಯಲ್ಲಿ ಬೆಟ್ಟಕ್ಕೆ ಹೋಗಬೇಕು, ಮೇಲಿರುವ ಹಳೇ ಕೋಟೆ ಗೋಡೆ ನೋಡಬೇಕು, ಇತಿಹಾಸ ಹೇಳುವವರು ಬೇಕು ಅಂದ. ದಾರಿಯನ್ನೂ ಕೇಳಿದ. ಅಪ್ಪನ ದಾರಿಯನ್ನು ತಿರುವು ತಿರುವು ಬಿಡಿಸಿ ಹೇಳಿದೆ. ಆ ಭಾನುವಾರ ಬೆಳಿಗ್ಗೆ ಮದ್ದೂರಿನಲ್ಲಿ ವ್ಯಾನಿನಿಂದ ಎಂಟು ಜನ ಇಳಿದರು. ಅವರ ಸೈಕಲ್ಲುಗಳಿಗೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ. ನನ್ನದಕ್ಕೆ ಎರಡೂ ಇತ್ತು, ಜೊತೆಗೆ ಅಪ್ಪನ ರಬ್ಬರ್ ಹಾರ್ನು. ಫೋನ್ ಮಾಡಿದ್ದವನೇ ಅವರ ಮುಂದಾಳು. ಅವನು ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದ: “ಗೈಸ್, ಈ ರೂಟ್ ಯಾವ ಮ್ಯಾಪಲ್ಲೂ ಇಲ್ಲ. ಆರು ತಿಂಗಳು ಸ್ಯಾಟಲೈಟ್ ಇಮೇಜ್ ನೋಡಿ ನೋಡಿ ನಾನೇ ಹುಡುಕಿದ್ದು.”

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ‘ನಿಮಗೆ ಹೇಗೆ ಗೊತ್ತು ಸರ್’ ಅಂತ ಕೇಳುತ್ತಿದ್ದರು. ಆಗ ಕೂದಲಿನ ಮಾತು ಬರುತ್ತಿತ್ತು. ಅವನು ಸುಳ್ಳು ಹೇಳಿ ಗೆದ್ದ, ನಾನು ನಿಜ ನುಂಗಿ ಅವನಿಗೆ ಸಹಾಯ ಮಾಡಿದೆ. ಹಲಗೂರು ದಾಟುವವರೆಗೂ ಅದೇ ಸಿಟ್ಟಿನಲ್ಲಿ ಪೆಡಲ್ ತುಳಿದೆ.

ಬೆಟ್ಟದ ಬುಡದಲ್ಲಿ ಹದಿನೈದು ಮನೆಗಳ ಒಂದು ಹಳ್ಳಿ. ಹುಣಸೆಮರದ ಕೆಳಗೆ ವಾಲಿಕೊಂಡ ವೀರಗಲ್ಲು, ಅದರ ಮೇಲೆ ಯಾರದೋ ಟವಲು ಒಣಗುತ್ತಿತ್ತು. ಟವಲು ಸರಿಸಿ, ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತದ್ದು ಅಂತ ವಿವರಿಸುತ್ತಿದ್ದೆ. ಒಬ್ಬ ಹುಡುಗಿ “ಎಷ್ಟು ಪೀಸ್‌ಫುಲ್ ಇದೆ ಈ ಊರು” ಅಂದಳು. ಇನ್ನೊಬ್ಬ ತಮಾಷೆಗೆ ನನ್ನ ಹಾರ್ನು ಅದುಮಿದ. ಪೋಂ ಪೋಂ.

ಎದುರು ಮನೆಯ ಬಾಗಿಲು ತೆರೆಯಿತು. ಒಬ್ಬ ಮುದುಕಿ ಕೂದಲುಂಡೆ ತುಂಬಿದ ಕವರೊಂದನ್ನು ಎದೆಗವಚಿಕೊಂಡು ಓಡೋಡಿ ಬಂದಳು. ನೆಟ್ಟಗೆ ನನ್ನ ಸೈಕಲ್ ಹತ್ತಿರವೇ.

“ಏನ್ಲಾ ಕೂದ್ಲೋನೇ, ಇಷ್ಟ್ ವರ್ಸ ಎಲ್ ಆಳಾಗೋಗಿದ್ದೆ? ಸತ್ತೇ ಓದ್ನೇನೋ ಅಂದ್ಕಂಡಿದ್ದೆ!” ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. “ಎಲಾ ಇವ್ನಾ, ವಯ್ಸು ಇಂದಕ್ ಓಗ್ಬುಟ್ಟದಲ್ಲಾ ನಿಂಗೆ!”

ಎಂಟೂ ಜನ ನಕ್ಕರು. ಮುಂದಾಳು ಆಗಲೇ ಮೊಬೈಲ್ ಎತ್ತಿದ್ದ. “ಸರ್‌ನ ಕೂದಲು ವ್ಯಾಪಾರಿ ಮಾಡ್ಬಿಟ್ರು ಅಜ್ಜಿ! ಅಜ್ಜೀ, ಪ್ಲೀಸ್, ಒಳಗಿಂದ ಇನ್ನೊಂದ್ ಸಲ ಓಡ್ ಬನ್ನಿ. ಸರ್, ನೀವು ಹಾರ್ನ್ ಹೊಡೀರಿ.”

ಆಗ ನನ್ನ ಬಾಯಿಂದ ಬಂದ ಮಾತು: “ನಾನು ಅವನಲ್ಲ ಅಜ್ಜಿ. ನಾನು ಕಾಲೇಜಲ್ಲಿ ಪಾಠ ಮಾಡೋನು.”

ಅವನಲ್ಲ! ಯಾರನ್ನು ಅಂದೆ? ನನ್ನ ಫೀಜು ಕಟ್ಟಲು ಈ ಏರು ಹತ್ತಿ ಈ ಮನೆಯ ಮುಂದೆ ನಿಂತು ಕೂಗಿದವನನ್ನು.

ಮುದುಕಿ ಬಿಡಲಿಲ್ಲ. “ಪಾಟ ಮಾಡೋನಾದ್ರೆ ಆ ಆರ್ನ್ ಯಾಕ್ಲಾ ಒಡುದ್ರಿ? ಓಗ್ಲಿ ಬುಡು, ಅವ್ನು ಬತ್ತನಾ ಇಲ್ವಾ, ಅಷ್ಟಾರ ಯೋಳು.” ಅಲ್ಲೇ ಕಲ್ಲಿನ ಮೇಲೆ ಕೂತಳು. ಬರುತ್ತಿದ್ದ ಒಂದು ಬಸ್ಸೂ ನಿಂತು ಬಹಳ ದಿನವಾಯಿತಂತೆ. ಕೂದಲಿನವರು ಈಗ ಮೊಪೆಡ್ಡಿನಲ್ಲಿ ಮೈಕು ಕಟ್ಟಿಕೊಂಡು ಟಾರು ರಸ್ತೆಯಲ್ಲೇ ಹೋಗುತ್ತಾರಂತೆ. “ನಾನು ಮಂಡಿ ಊರ್ಕಂಡು ಇಳ್ದು ಓಗೋಗಂಟ ಆ ಮೈಕು ಮುಂದ್ಲೂರಲ್ಲಿ ಬಡ್ಕತಿರ್ತದೆ. ಅವ್ನಾದ್ರೆ ಬಾಗ್ಲಿಗೇ ಬರೋನು.”

ಪೀಸ್‌ಫುಲ್ ಅಂದರೆ ಇದು. ಈ ಊರಿಗೆ ಯಾರೂ ಬರುವುದಿಲ್ಲ, ಅದಕ್ಕೇ ಸದ್ದಿಲ್ಲ. ಆ ಸದ್ದಿಲ್ಲದ್ದನ್ನು ಅನುಭವಿಸಲು ಎಂಟು ಜನ ಹೆಲ್ಮೆಟ್ ಹಾಕಿಕೊಂಡು ಬಂದಿದ್ದಾರೆ, ನಾನು ದಾರಿ ತೋರಿಸಿಕೊಂಡು ಬಂದಿದ್ದೇನೆ. ವೀರಗಲ್ಲಿನ ಮೂರು ಪಟ್ಟಿ ಓದಲು ಬಂತು ನನಗೆ. ಎಷ್ಟು ಭಾನುವಾರ ಈ ಬಾಗಿಲ ಮುಂದೆ ಹಾದುಹೋದೆನೋ, ಒಮ್ಮೆಯೂ ಹಾರ್ನು ಒತ್ತಿರಲಿಲ್ಲ. ಒತ್ತಿದರೆ ಯಾರಾದರೂ ಗುರುತು ಹಿಡಿದಾರು ಅಂತ.

“ಅವ್ರು ನಮ್ಮಪ್ಪ ಕಣಜ್ಜಿ” ಅಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಅಂದೆ. “ಕೂದ್ಲು ಕೊಂಡೇ ನನ್ನ ಎಂ.ಎ. ಓದಿಸಿದ್ರು. ಮಂಡಿ ನೋವು, ಇನ್ನು ಬರಾಕಾಗಲ್ಲ. ಕೊಡು ಇತ್ಲಾಗೆ.”

ಬ್ಯಾಗಿನಲ್ಲಿ ಪಿನ್ನಿಲ್ಲ, ಬಟ್ಟಲಿಲ್ಲ. ಚಿತ್ರಾನ್ನ ತಂದಿದ್ದ ಸ್ಟೀಲ್ ಡಬ್ಬಿಯಿತ್ತು. ಉಳಿದಿದ್ದನ್ನು ತಿಂದು, ತೊಳೆದು ಕೊಟ್ಟೆ. ಅವಳು ಬೆರಳಿನಿಂದ ಅದರ ತಳ ಬಡಿದು ನೋಡಿದಳು. ಮುಚ್ಚಳ ಹಾಕಿ ತೆಗೆದಳು. “ತಳ ತೆಳ್ಳಗದೆ. ಜೊತ್ಗೆ ಎಲ್ಡ್ ಪಿನ್ನಾರ ಇಲ್ವೇನ್ಲಾ?”

“ಸರ್, ಈ ಅಪ್ಪನ ಸ್ಟೋರಿ ಸಖತ್ತಾಗಿದೆ” ಅಂದ ಮುಂದಾಳು. “ಕ್ಯಾಮೆರಾ ನೋಡಿ ಇನ್ನೊಂದ್ ಸಲ ಹೇಳಿ.”

“ಬೆಳಿಗ್ಗೆ ನೀವು ಹುಡುಕ್ದೆ ಅಂದ್ರಲ್ಲ, ಆ ರೂಟು ಆ ಅಪ್ಪಂದು. ಮೊದ್ಲು ನೀವು ಅದನ್ನ ಕ್ಯಾಮೆರಾಗೆ ಹೇಳಿ.”

“ಕೂಲ್ ಸರ್. ಯಾಕೆ ಪರ್ಸನಲ್ಲಾಗಿ ತಗೋತೀರ?”

ಇನ್ನು ಹೇಗೆ ತೆಗೆದುಕೊಳ್ಳಬೇಕಿತ್ತು? ಕೂದಲಿನ ಕವರನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಬೆಟ್ಟ ಹತ್ತಿದೆ. ಕಡಿದಾದ ಕಡೆ ಅವರೂ ಇಳಿದು ತಳ್ಳಿದರು, ನಾನೂ ತಳ್ಳಿದೆ. ಮೇಲೆ ಕೋಟೆ ಗೋಡೆಯ ಮುಂದೆ ಫೋಟೋಕ್ಕೆ ನಿಂತಾಗ, “ಆ ಕವರ್ ಒಂಚೂರು ಆಚೆ ಇಡಿ ಸರ್” ಅಂದ ಮುಂದಾಳು. “ಇಡಲ್ಲ” ಅಂದೆ. ಎರಡು ದಿನ ಬಿಟ್ಟು ಅವನು ಹಾಕಿದ ಫೋಟೋ ನೋಡಿದೆ. ಎಂಟು ಜನ ನಗುತ್ತಿದ್ದಾರೆ. ಬಲಗಡೆ ಅಂಚಿನಲ್ಲಿ ನನ್ನ ಮುಂದಿನ ಚಕ್ರ ಅರ್ಧ ಉಳಿದಿತ್ತು. ಕೆಳಗೆ, ಅವನೇ ಹುಡುಕಿದ ರೂಟು ಅಂತಲೇ ಬರೆದಿತ್ತು.

ಬೆಟ್ಟ ಹತ್ತಿದ ಆ ಭಾನುವಾರವೇ ಸಂಜೆ, ಬುಡಕ್ಕೆ ಬಂದಿದ್ದ ಅವರ ವ್ಯಾನಿನಲ್ಲಿ ಸೈಕಲ್ ಹೇರಿಕೊಂಡು ಬಂದು, ಜಗಲಿಯ ಮೇಲೆ ಕೂತಿದ್ದ ಅಪ್ಪನ ಮುಂದೆ ಕವರು ಇಟ್ಟೆ. ನಡೆದದ್ದೆಲ್ಲ ಹೇಳಿದೆ, ‘ಅವನಲ್ಲ’ ಅಂದದ್ದನ್ನೂ ಬಿಡದೆ. ಅಪ್ಪ ಕವರನ್ನು ಹತ್ತಿರಕ್ಕೆ ಎಳೆದುಕೊಂಡ. ಉಂಡೆಗಳನ್ನು ಒಂದೊಂದಾಗಿ ಬಿಡಿಸಿ ಬೆಳಕಿಗೆ ಹಿಡಿದ.

“ಇದುಕ್ಕೆ ಸ್ಟೀಲ್ ಡಬ್ಬಿ ಕೊಟ್ಯಾ?”

“ಊಂ.”

“ಮುಕ್ಕಾಲು ಬಿಳೀದು ಕಣ್ಲಾ! ಬಿಳೀ ಕೂದ್ಲ ಯಾರ್ ಮೂಸ್ತಾರೆ? ಆ ಮುದ್ಕಿ ನನ್ನತ್ರಾನೂ ಇಂಗೇ ಮಾಡೋಳು, ಕರೀ ಉಂಡೆ ಮೇಲಿಟ್ಟು ಬಿಳೀದ ಒಳಕ್ ಅಮುಕ್ಕೊಡೋಳು. ಬಿಚ್ಚಿ ನೋಡ್ಬೇಕು ಅನ್ನೋದ್ ಗೊತ್ತಾಗ್ನಿಲ್ವಾ? ಏನ್ ಓದುದ್ಯೋ ಎಮ್ಮೆಯಾ!”

ಬಯ್ಯುತ್ತಲೇ ಕೂದಲನ್ನು ಕವರಿಗೆ ತುಂಬಿ, ಬಾಯಿ ಗಂಟು ಹಾಕಿದ. ಆಮೇಲೆ ಕಾಲು ಎಳೆದುಕೊಂಡು ಒಳಗೆ ಹೋಗಿ ಅಟ್ಟದ ಮೇಲಿಂದ ಹಳೇ ತಗಡಿನ ಪೆಟ್ಟಿಗೆ ಇಳಿಸಿಕೊಡು ಅಂದ. ಅದರಲ್ಲಿ ಉಳಿದಿದ್ದ ಪಿನ್ನಿನ ಹಾಳೆಗಳಲ್ಲಿ ತುಕ್ಕು ಹಿಡಿಯದ ಒಂದನ್ನು ಆರಿಸಿ ನನ್ನ ಕೈಗೆ ಕೊಟ್ಟ.

“ಮುಂದ್ಲ ಭಾನ್ವಾರ ಓಯ್ತೀಯಲ್ಲ, ಕೊಟ್ಬುಡು. ಆರ್ನ್ ಒಡ್ದ್ರೆ ಸಾಲ್ದು, ಕೂಗ್ಬೇಕು. ಅಡ್ಗೆಮನೇಲಿದ್ರೆ ಅವ್ಳಿಗೆ ಕೇಳುಸಾಕಿಲ್ಲ, ಕಿವೀನೂ ಮಂದ.”