ಯಾರ ಕೊರಳಪಟ್ಟಿ ಹಿಡಿಯಲಿ?

ಮಗಳು ಬ್ರಿಟನ್ನಿನ ಸೈನ್ಯಕ್ಕೆ ಸೇರುತ್ತೇನೆಂದು ಫೋನಿನಲ್ಲಿ ಹೇಳಿದಾಗ ನಾನು ಜರ್ಮನಿಯ ಎರ್ಲಾಂಗೆನ್ನಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಮೊದಲು ತಮಾಷೆ ಅಂದುಕೊಂಡೆ. ಓದಲಿಕ್ಕೆಂದು ಇಂಗ್ಲೆಂಡಿಗೆ ಹೋಗಿ, ಅಲ್ಲೇ ಕೆಲಸ ಹಿಡಿದು ಆರು ವರ್ಷವಾಗಿದ್ದ ಹುಡುಗಿ. ಸೈನ್ಯವಂತೆ!

“ನನ್ನ ಬರ್ತ್ ಸರ್ಟಿಫಿಕೇಟ್ ಒರಿಜಿನಲ್ಲೇ ಬೇಕಪ್ಪ. ಜೊತೆಗೆ ಅಜ್ಜಿಯ ಭಗವದ್ಗೀತೆನೂ ಕಳ್ಸು. ಪ್ರಮಾಣ ಮಾಡುವಾಗ ಕೈಲಿ ಹಿಡ್ಕೊಬಹುದಂತೆ.”

“ಯಾರಿಗೆ ಪ್ರಮಾಣ?”

“ರಾಜನಿಗೆ. ಅವನಿಗೂ ಅವನ ವಾರಸುದಾರರಿಗೂ ನಿಷ್ಠೆಯಿಂದ ಇರ್ತೀನಿ ಅಂತ.”

ಮೈಯೆಲ್ಲ ಉರಿದುಹೋಯಿತು. ಅಲ್ಲ, ಅವರನ್ನು ಓಡಿಸಲಿಕ್ಕೆ ನಮ್ಮವರು ಪಟ್ಟ ಪಾಡೇನು, ಇವಳು ನಮ್ಮಮ್ಮನ ಗೀತೆ ಹಿಡಿದುಕೊಂಡು ಅವರ ರಾಜನಿಗೆ, ಇನ್ನೂ ಹುಟ್ಟದ ಅವನ ಮರಿಮಕ್ಕಳಿಗೂ ಸೇರಿಸಿ ಮಾತು ಕೊಡುವುದೇನು! ಬಾಯಿಗೆ ಬಂದದ್ದೆಲ್ಲ ಅಂದೆ. ಪಕ್ಕದ ಬಾಲ್ಕನಿಯ ಜರ್ಮನ್ ಹೆಂಗಸು ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟು ಒಳಗೆ ಹೋದರು.

ಹೆಚ್ಚು ಚುಚ್ಚಿದ್ದು ಬೇರೆಯೇ. ಮೂರು ವರ್ಷದವಳಿದ್ದಾಗ ಮೈಸೂರಿನಿಂದ ಎತ್ತಿಕೊಂಡು ಬಂದ ಮಗು ಅವಳು. ಹದಿನಾರರಲ್ಲಿ ಜರ್ಮನ್ ಪಾಸ್‌ಪೋರ್ಟ್ ಬೇಕೆಂದು ಅತ್ತಳು. ಶಾಲೆಯ ಪ್ರವಾಸಕ್ಕೆ ಹೋದಾಗ ಏರ್‌ಪೋರ್ಟಿನಲ್ಲಿ ತಾನೊಬ್ಬಳೇ ಬೇರೆ ಸಾಲಿನಲ್ಲಿ ನಿಲ್ಲಬೇಕಾಯಿತೆಂದು. ನನ್ನ ಮಗಳು ಭಾರತೀಯಳಾಗಿಯೇ ಇರುತ್ತಾಳೆ ಎಂದು ಮೇಜು ಗುದ್ದಿ ಹೇಳಿದವನು ನಾನು. ಈಗ ನೋಡಿದರೆ ಜರ್ಮನ್ನರಿಗೆ ಆ ಸೈನ್ಯದಲ್ಲಿ ಜಾಗವಿಲ್ಲವಂತೆ. ಭಾರತ ಕಾಮನ್‌ವೆಲ್ತಿನಲ್ಲಿ ಇರುವುದರಿಂದ ನಮ್ಮ ಪಾಸ್‌ಪೋರ್ಟಿನವರಿಗೆ ಇದೆಯಂತೆ. ಬಾಗಿಲು ತೆಗೆದುಕೊಟ್ಟದ್ದು ನನ್ನ ಹಾಳು ಹಟವೇ.

“ಅಪ್ಪ, ರಾಜ ಏನೂ ಆರ್ಡರ್ ಕೊಡಲ್ಲ,” ಎಂದು ಸಮಾಧಾನವಾಗಿ ಹೇಳಿದಳು. “ಯುದ್ಧಕ್ಕೆ ಕಳ್ಸೋದು ಸರ್ಕಾರ. ಸೈನ್ಯ ನಂದು ಅಂತ ಯಾವ ರಾಜಕಾರಣಿನೂ ಹೇಳ್ಬಾರ್ದಲ್ಲ, ಅದಕ್ಕೇ ಪ್ರಮಾಣ ರಾಜನ ಹೆಸರಲ್ಲಿ.”

“ಭೇಷ್! ಪ್ರಮಾಣ ಮಾಡಿಸ್ಕೊಳ್ಳೋನು ಕಳ್ಸಲ್ಲ, ಕಳ್ಸೋನಿಗೆ ಪ್ರಮಾಣ ಇಲ್ಲ. ನಾಳೆ ನಿನಗೇನಾದ್ರೂ ಆದ್ರೆ ನಾನು ಯಾರ ಕೊರಳಪಟ್ಟಿ ಹಿಡೀಲಿ? ಹೇಳೇ!”

“ಏನಾದ್ರೂ ಆದ್ರೆ ಮೊದ್ಲು ಯಾರಿಗೆ ತಿಳಿಸ್ಬೇಕು ಅಂತ ಫಾರಂನಲ್ಲಿ ಕೇಳಿದಾರೆ,” ಅಂದಳು. “ಅಮ್ಮನ ಹೆಸರು ಹಾಕಿಲ್ಲ, ಅಮ್ಮ ತಡ್ಕೊಳಲ್ಲ. ನಿನ್ನ ನಂಬರ್ ಕೊಟ್ಟಿದೀನಿ. ಅದನ್ನ ಬದಲಾಯಿಸ್ಬೇಡಪ್ಪ.”

ಹೂಂ ಎಂದಷ್ಟೇ ಹೇಳಿ ಫೋನಿಟ್ಟೆ.

ಮರುದಿನ ಕಪಾಟಿನ ಫೈಲಿನಿಂದ ಬರ್ತ್ ಸರ್ಟಿಫಿಕೇಟ್ ತೆಗೆದೆ. ಗೀತೆಯನ್ನು ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎರಡನ್ನೂ ಪೋಸ್ಟಿಗೆ ಹಾಕಿ ಬಂದೆ. ದಾರಿಯುದ್ದಕ್ಕೂ ರಾಜನನ್ನೂ ಸರ್ಕಾರವನ್ನೂ ನನ್ನನ್ನೂ ಬೈದುಕೊಂಡೇ ಸೈಕಲ್ ತುಳಿದೆ. ಇದೆಲ್ಲ ಆಗಿ ವರ್ಷವಾಯಿತು, ಅವಳು ಸೈನ್ಯ ಸೇರಿಯೂ ಆಯಿತು, ಸಿಟ್ಟು ಇಳಿದಿಲ್ಲ.

ಈಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಮೊದಲ ರಿಂಗಿಗೇ ಎತ್ತುತ್ತೇನೆ. ಆ ಕಡೆ ಇನ್ಶೂರೆನ್ಸ್ ಮಾರುವವನಿದ್ದರೆ, ಮಾತು ಮುಗಿಸಲೂ ಬಿಡದೆ ಅವನ ಜನ್ಮ ಜಾಲಾಡುತ್ತೇನೆ.