ಮೊಟ್ಟೆ ಹೊಂಡಕ್ಕೆ ಬಿದ್ದ ನಿರ್ಮಾಲ್ಯ

ಅಮೆರಿಕದ ಜಾರ್ಜಿಯಾದಲ್ಲಿರುವ ಜಾನ್ಸ್ ಕ್ರೀಕ್‌ನ ನಮ್ಮ ಮನೆಯ ಹಿತ್ತಲು ಮುಗಿಯುವಲ್ಲಿ ಒಂದು ತುಂಡು ಕಾಡಿದೆ. ಅದರೊಳಗೊಂದು ತಗ್ಗು. ಬೇಸಿಗೆಯಲ್ಲಿ ನೋಡಿದರೆ ಒಣಗಿದ ಎಲೆ ತುಂಬಿದ ಗುಂಡಿ, ಅಷ್ಟೆ. ಡಿಸೆಂಬರಿನ ಮಳೆ ಹಿಡಿದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ, ಬೇಸಿಗೆ ಬರುವಷ್ಟರಲ್ಲಿ ಮತ್ತೆ ಇಂಗಿಹೋಗುತ್ತದೆ. ಹಾಗೆ ಬಂದು ಹೋಗುವ ನೀರಿನಲ್ಲಿ ಮೀನು ಬದುಕುವುದಿಲ್ಲ. ಮೊಟ್ಟೆ ತಿನ್ನುವ ಮೀನಿಲ್ಲ ಎನ್ನುವ ಒಂದೇ ಧೈರ್ಯಕ್ಕೆ ಕಪ್ಪೆಗಳೂ ಸ್ಯಾಲಮ್ಯಾಂಡರುಗಳೂ ಅಲ್ಲಿಗೆ ಮೊಟ್ಟೆಯಿಡಲು ಬರುತ್ತವೆ.

ಸ್ಯಾಲಮ್ಯಾಂಡರ್ ಎಂದರೆ ನೋಡಲು ಹಲ್ಲಿಯ ಹಾಗೆ, ಆದರೆ ಸೇರಿರುವುದು ಕಪ್ಪೆಯ ಬಳಗಕ್ಕೆ. ಈ ಕಡೆಯದಕ್ಕೆ ಕಪ್ಪು ಮೈ, ಬೆನ್ನ ಮೇಲೆ ಹಳದಿ ಬೊಟ್ಟುಗಳು. ವರ್ಷವೆಲ್ಲ ಮಣ್ಣಿನಡಿ ಇದ್ದು, ಚಳಿ ಸಡಿಲವಾಗುವ ಹೊತ್ತಿನ ಮಳೆಗೆ ಹೊರಬಂದು, ನೀರಿಗಿಳಿದು ಮೊಟ್ಟೆಯಿಟ್ಟು, ಯಾರಿಗೂ ಹೇಳದೆ ಹೊರಟುಹೋಗುತ್ತದೆ. ತಾಯಿಯನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ನನ್ನ ಸ್ನೇಹವೆಲ್ಲ ಮೊಟ್ಟೆಗಳ ಜೊತೆ.

ನಾನು ಇದಕ್ಕೆ ಹೇಗೆ ಬಿದ್ದೆ ಎಂದು ಎಲ್ಲರೂ ಕೇಳುತ್ತಾರೆ. ಯಜಮಾನರ ವೀಸಾದ ಬಾಲ ಹಿಡಿದು ಈ ದೇಶಕ್ಕೆ ಬಂದವಳು ನಾನು. ಸಂಬಳದ ಕೆಲಸ ಮಾಡುವ ಹಾಗಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ಮಾತ್ರ ಯಾರದೂ ಅಡ್ಡಿಯಿಲ್ಲ, ಹೆಂಗಸರ ಪಾಲಿಗೆ ಅದು ಎಲ್ಲ ದೇಶದಲ್ಲೂ ಹಾಗೇ ಇದ್ದೀತು. ಕೋವಿಡ್ ಕಳೆದು ಲೈಬ್ರರಿ ಬಾಗಿಲು ತೆರೆದಾಗ ಒಳಗಡೆ ಒಂದು ಚೀಟಿ ಅಂಟಿಸಿದ್ದರು: ವಸಂತದ ಮೊದಲಿಗೆ ಹೊಂಡಗಳಲ್ಲಿ ಮೊಟ್ಟೆ ಹುಡುಕಿ ಗುರುತಿಸಲು ಜನ ಬೇಕು, ಅನುಭವ ಬೇಕಿಲ್ಲ. ಅನುಭವ ಬೇಕಿಲ್ಲ ಎನ್ನುವ ಮಾತು ಕಣ್ಣಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಹೆಸರು ಕೊಟ್ಟು ಬಂದೆ. ದೇವರು ಒಂದು ಬಾಗಿಲು ತೆಗೆಯುತ್ತಾನೆ ಎಂದುಕೊಂಡಿದ್ದೆ, ಅದು ಕೆಸರಿನ ಕಡೆಗೆ ತೆರೆಯುತ್ತದೆ ಎಂದು ಗೊತ್ತಿರಲಿಲ್ಲ.

ಸರ್ವೆ ನಡೆಸುವಾಕೆ ನಿವೃತ್ತ ಶಾಲಾ ಶಿಕ್ಷಕಿ, ಇಲ್ಲಿಯವರೇ. ನಾನು ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಅವರು ಒಂದೊಂದು ಮೊಟ್ಟೆಯ ಲಕ್ಷಣ ಹೇಳುತ್ತಿದ್ದರೆ ನಾನು ಮನಸ್ಸಿನಲ್ಲೇ ಅಡುಗೆಮನೆಗೆ ಹೋಗಿ ಬರುತ್ತಿದ್ದೆ. ಪುಟ್ಟ ಕಪ್ಪೆಗಳ ಮೊಟ್ಟೆ ಕಡ್ಡಿಗೆ ಅಂಟಿಕೊಂಡಿರುತ್ತದೆ, ನೆನೆಸಿದ ಕಾಮಕಸ್ತೂರಿ ಬೀಜದ್ದೇ ರೂಪು: ನಡುವೆ ಕಪ್ಪು ಚುಕ್ಕೆ, ಸುತ್ತ ಲೋಳೆ. ನೆಲಗಪ್ಪೆಯದು ಉದ್ದನೆಯ ದಾರ, ಮಣಿ ಪೋಣಿಸಿದಂತೆ. ಸ್ಯಾಲಮ್ಯಾಂಡರಿನದು ಮುಷ್ಟಿ ಗಾತ್ರದ ಮುದ್ದೆ. ಅದನ್ನು ನೀರೊಳಗೇ ಕೆಳಗಿನಿಂದ ಅಂಗೈ ಕೊಟ್ಟು ಎತ್ತಿ ನೋಡಬೇಕು. ಸಬ್ಬಕ್ಕಿ ಗಂಜಿಯ ಹಾಗೆ ಜಾರಿದರೆ ಕಪ್ಪೆಯದು. ಗಟ್ಟಿಯಾದ ಚೈನಾ ಗ್ರಾಸ್‌ನ ಹಾಗೆ ಅಲುಗದೆ ಕೂತರೆ ಸ್ಯಾಲಮ್ಯಾಂಡರಿನದು. ಟೀಚರ್‌ಗೆ ನಾನು ಇದನ್ನೆಲ್ಲ ಹೇಳಿದಾಗ ಅವರು, "ನನಗೆ ಇದರಲ್ಲಿ ಒಂದು ತಿಂಡಿಯೂ ಗೊತ್ತಿಲ್ಲ, ಆದರೆ ನೀನು ಎಲ್ಲವನ್ನೂ ಸರಿಯಾಗಿ ಗುರುತಿಸುತ್ತಿದ್ದೀಯ" ಎಂದರು.

ನಿಯಮಗಳು ಇನ್ನೂ ಚೆನ್ನಾಗಿದ್ದವು. ಹೊಂಡಕ್ಕೆ ಹೋಗುವ ದಿನ ಕೈಗೆ ಕ್ರೀಮ್ ಹಚ್ಚಬಾರದು, ಸೆಂಟ್ ಬೇಡ, ಸೊಳ್ಳೆ ಸ್ಪ್ರೇ ಬೇಡ. ಮುಟ್ಟುವ ಮೊದಲು ಅದೇ ಹೊಂಡದ ನೀರಿನಲ್ಲಿ ಕೈ ಒದ್ದೆ ಮಾಡಿಕೊಳ್ಳಬೇಕು. ಒಂದು ಹೊಂಡದ ಕೊಳೆ ಇನ್ನೊಂದಕ್ಕೆ ಹೋಗಬಾರದೆಂದು ಬೂಟುಗಳನ್ನು ಮನೆಯಲ್ಲಿ ಬ್ಲೀಚ್ ನೀರಿನಿಂದ ತೊಳೆದು, ಬೇರೆ ನೀರಿನಲ್ಲಿ ಜಾಲಿಸಿ, ಒಣಗಿಸಿ ಬೇರೆಯೇ ಇಡಬೇಕು. ಉಳಿದವರು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ನನಗೆ ಬರೆದುಕೊಳ್ಳುವುದೇನಿತ್ತು? ಇದು ಮಡಿ. ನಾನು ಹುಟ್ಟಿದಾಗಿನಿಂದ ನೋಡಿದ್ದು.

ನನಗೆ ವಹಿಸಿದ್ದು ನಮ್ಮ ಹಿತ್ತಲ ಹೊಂಡವನ್ನೇ. ಆದರೆ ಎರಡು ವಸಂತ ಕಳೆದರೂ ಅದರಲ್ಲಿ ಸ್ಯಾಲಮ್ಯಾಂಡರಿನ ಒಂದು ಮುದ್ದೆಯೂ ಕಾಣಲಿಲ್ಲ. ಮೂರನೆಯ ವರ್ಷ ಟೀಚರ್ ಮೆತ್ತಗೆ ಹೇಳಿದರು: "ಈ ಸಲವೂ ಇಲ್ಲದಿದ್ದರೆ ಈ ಹೊಂಡವನ್ನು ಸರ್ವೆಯಿಂದ ಬಿಡೋಣ. ಪಕ್ಕದ ಊರು ಡುಲುತ್ ಕಡೆ ನಿನಗೆ ಒಳ್ಳೆಯದೊಂದು ಕೊಡುತ್ತೇನೆ." ಒಳ್ಳೆಯದು ಯಾರಿಗೆ ಬೇಕಿತ್ತು? ಬೆಳಗಿನ ದೀಪ ಹಚ್ಚಿ, ಮಗಳಿಗೆ ಡಬ್ಬಿ ಕಟ್ಟಿ, ಅಡುಗೆಮನೆ ಬಾಗಿಲಿನಿಂದ ನಡೆದು ಹೋಗಬಹುದಾದ ಹೊಂಡ ಇದು. ಇಡೀ ಅಮೆರಿಕದಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನಗಿದ್ದ ಕೆಲಸದ ಜಾಗ ಇದೊಂದೇ. ಅದಕ್ಕಾಗಿ ಸಹಸ್ರನಾಮದ ಕೊನೆಗೆ ಒಂದು ಸಾಲು ಸೇರಿಸಿ ಬೇಡಿಕೊಂಡಿದ್ದೂ ನಿಜ. ಹಲ್ಲಿಯಂಥ ಪ್ರಾಣಿಗೆ ಸಂತಾನ ಕೊಡು ಎಂದು ದೇವಿಯನ್ನು ಕೇಳಿದವರು ಬಹಳ ಜನ ಇರಲಾರರು.

ಫೆಬ್ರವರಿಯ ಒಂದು ಬೆಳಿಗ್ಗೆ, ಮಳೆ ನಿಂತ ಮೇಲೆ, ನೀರಿನ ಹೊಳಪು ಕಳೆಯುವ ಕಪ್ಪು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಮುಳುಗಿದ್ದ ಒಂದು ಕೊಂಬೆಗೆ ಮುದ್ದೆಗಳು ಅಂಟಿಕೊಂಡಿದ್ದವು. ಕೈ ಒದ್ದೆ ಮಾಡಿಕೊಂಡು ಒಂದರ ಅಡಿಗೆ ಅಂಗೈ ಕೊಟ್ಟೆ. ಅದು ಅಲುಗದೆ ಕೂತಿತು. ಒಟ್ಟು ಏಳು. ದಂಡೆಯ ಮೇಲೆ ನಿಂತೇ ಕೈ ಮುಗಿದೆ. ಫೋನಿನಲ್ಲಿ ಫೋಟೋ ಕಳಿಸಿದ್ದಕ್ಕೆ ಟೀಚರ್ ಬರೆದರು: "ಸಂತೋಷ. ಮೂರು ವಾರ ಬಿಟ್ಟು ನಾನೇ ಬಂದು ನೋಡುತ್ತೇನೆ. ಆಗ ಜೀವಂತ ಇದ್ದರೆ ಹೊಂಡ ನಿನ್ನದು."

ಮೂರು ವಾರ ಕಾಯುವುದೊಂದೇ ಬಾಕಿ. ಆದರೆ ಆ ಚಳಿಗಾಲ ಅತ್ತೆ ನಮ್ಮ ಮನೆಯಲ್ಲಿದ್ದರು.

ನಮ್ಮ ಅತ್ತೆ ಮೈಸೂರಿನವರು, ಚುರುಕು, ಪೂಜೆಯಲ್ಲಿ ಯಾವ ರಾಜಿಯೂ ಇಲ್ಲ. ಡಿಸೆಂಬರಿನಲ್ಲಿ ಬಂದ ವಾರವೇ ಒಂದು ಪ್ರಶ್ನೆ ಎದ್ದಿತ್ತು. ದೇವರಿಂದ ತೆಗೆದ ಹೂವು, ಅರಿಶಿನ, ಅಕ್ಷತೆ, ಗೆಜ್ಜೆವಸ್ತ್ರ, ಇದನ್ನೆಲ್ಲ ಎಲ್ಲಿಗೆ ಹಾಕುವುದು? ಕಸದ ಡಬ್ಬಿಗೆ ಹಾಕಲು ಅವರ ಕೈ ಬಾರದು. ಮಂಜು ಕಟ್ಟಿದ ಗಿಡದ ಬುಡಕ್ಕೆ ಹಾಕಲೂ ಮನಸ್ಸಿಲ್ಲ, ನಾಯಿ ಹಿಡಿದು ಓಡಾಡುವ ಜನ ಎಂದು. ಕೊನೆಗೆ ಜಿಪ್ ಇರುವ ಖಾಲಿ ಬಾಸ್ಮತಿ ಚೀಲವೊಂದನ್ನು ಗರಾಜಿನಲ್ಲಿಟ್ಟು ದಿನಾ ಅದರೊಳಗೆ ತುಂಬುತ್ತ ಬಂದರು. "ಒಂದಿನ ಎಲ್ಲಾದ್ರೂ ಒಳ್ಳೆ ನೀರು ಸಿಕ್ಕಿದ್ರೆ ಬಿಡೋಣ ಕಣೆ" ಎನ್ನುತ್ತಿದ್ದರು. ಅವರ ಮಗ ಮಾತ್ರ ಕಾರು ತೆಗೆಯುವಾಗೆಲ್ಲ, "ಅಮ್ಮ, ಈ ಗರಾಜಿಗೂ ಒಂದು ಮಂಗಳಾರತಿ ಮಾಡಿಬಿಡು" ಎಂದು ಕಾಲೆಳೆಯುತ್ತಿದ್ದರು.

ಶಿವರಾತ್ರಿಯ ಮರುದಿನ ನಾನು ತರಕಾರಿಗೆಂದು ಡುಲುತ್‌ಗೆ ಹೋಗಿ ಬಂದರೆ, ಹಿಂಬಾಗಿಲ ಜಗಲಿಯ ಕಟಕಟೆಯ ಮೇಲೆ ಬಾಸ್ಮತಿ ಚೀಲ ತೊಳೆದು ಒಣಹಾಕಿತ್ತು. ಅತ್ತೆ ಪಕ್ಕದ ಕುರ್ಚಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು.

"ಚೀಲದಲ್ಲಿದ್ದಿದ್ದು ಎಲ್ಲಿಗೆ ಹೋಯ್ತು ಅತ್ತೆ?"

"ಹೋಗ್ಬೇಕಾದ ಕಡೆಗೇ ಹೋಯ್ತು. ನಿನ್ನ ಕೊಳಕ್ಕೆ ಬಿಟ್ಟು ಬಂದೆ. ಇಷ್ಟು ಹತ್ರ ಇಟ್ಕೊಂಡು ಮೂರು ತಿಂಗಳಿಂದ ಒಂದು ಮಾತು ಹೇಳಲಿಲ್ವಲ್ಲೆ ನೀನು."

ನನ್ನ ಕೈಯಲ್ಲಿದ್ದ ಸೊಪ್ಪಿನ ಕವರ್ ಅಲ್ಲೇ ಇಟ್ಟೆ. "ಆ ಹೊಂಡಕ್ಕಾ? ಅದಕ್ಕೆ ಯಾಕೆ ಹಾಕಿದ್ರಿ?"

"ಯಾಕೆ ಅಂದ್ರೆ? ನೀನು ಅಷ್ಟು ಮಡೀಲಿ ಹೋಗಿ ಬರ್ತೀಯ. ಕ್ರೀಮ್ ಹಚ್ಚಲ್ಲ, ಸೆಂಟ್ ಹಾಕಲ್ಲ, ಆ ಬೂಟು ಬೇರೆ ತೊಳೆದು ತೊಳೆದು ಇಡ್ತೀಯ. ಮೊನ್ನೆ ಅಲ್ಲಿ ನಿಂತು ಕೈ ಬೇರೆ ಮುಗೀತಾ ಇದ್ದೆ, ಕಿಟಕಿಯಿಂದ ನೋಡ್ದೆ. ಏನೋ ವಿಶೇಷದ ನೀರೇ ಇರಬೇಕು ಅಂದ್ಕೊಂಡೆ."

ನನ್ನ ಮಡಿಯನ್ನು ಅವರು ಸರಿಯಾಗಿಯೇ ಓದಿದ್ದರು.

ಓಡಿಹೋಗಿ ನೋಡಿದೆ. ಅರ್ಧ ಹೊಂಡ ಹಳದಿಯಾಗಿತ್ತು. ಇಲ್ಲಿ ಮಾರ್ಚ್ ಕೊನೆಗೆ ಪೈನ್ ಮರಗಳು ಪರಾಗ ಸುರಿಸಿ ಕಾರು, ಕಟ್ಟೆ, ನೀರು ಎಲ್ಲವನ್ನೂ ಹಳದಿ ಮಾಡುತ್ತವೆ, ಆದರೆ ಅದಕ್ಕಿನ್ನೂ ದಿನವಿತ್ತು. ಇದು ಅಪ್ಪಟ ಅರಿಶಿನ. ಬಾಡಿದ ಗುಲಾಬಿ ದಳ, ಸೇವಂತಿಗೆ, ಬಿಲ್ವಪತ್ರೆ, ವೀಳ್ಯದೆಲೆ ಎಲ್ಲ ತೇಲುತ್ತ ಆ ಕೊಂಬೆಯ ಸುತ್ತಲೇ ಸೇರಿಕೊಂಡಿದ್ದವು. ಮೊಟ್ಟೆಗಳು ಕಾಣುತ್ತಲೇ ಇರಲಿಲ್ಲ.

ಟೀಚರ್‌ಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ನೀರಿಗೆ ಇಳಿಯಬೇಡ, ತಳ ಕಲಕಿದರೆ ಇನ್ನೂ ಕೆಡುಕು, ತೇಲುವುದನ್ನು ಮಾತ್ರ ದಂಡೆಯಿಂದಲೇ ಮೆಲ್ಲಗೆ ಎತ್ತು, ಮುಳುಗಿದ್ದನ್ನು ಬಿಡು, ಉಳಿದದ್ದು ಮಳೆಯ ಕೈಯಲ್ಲಿದೆ ಎಂದರು. ನಾನು ಅಡುಗೆಮನೆಯಲ್ಲಿ ಹುಡುಕಿದೆ. ಪೂರಿ ಎತ್ತುವ ಜಾಲರಿಗೆ ಎಣ್ಣೆಯ ಪಸೆ. ಟೀ ಸೋಸುವುದು ಅಂಗೈಯಷ್ಟೂ ಇಲ್ಲ. ಅಕ್ಕಿ ತೊಳೆಯುವ ಜರಡಿ ಒಂದೇ ಯೋಗ್ಯವಾಗಿ ಕಂಡಿತು, ಅಕ್ಕಿ ಮತ್ತು ನೀರು ಬಿಟ್ಟು ಬೇರೇನನ್ನೂ ಕಾಣದ ಪಾತ್ರೆ. ಅದನ್ನು ಪೊರಕೆಯ ಕೋಲಿಗೆ ಬಿಗಿದೆ.

"ದೇವರ ಹೂವು ಬಿಟ್ರೆ ಈ ನೀರಿಗೆ ಏನಾಗತ್ತೆ?" ಅತ್ತೆಯ ದನಿ ಸ್ವಲ್ಪ ಗಡುಸಾಗಿತ್ತು. ಅವರಿಗೆ ನೋವಾಗಿತ್ತು.

ಹೇಳುವುದಕ್ಕಿಂತ ತೋರಿಸುವುದೇ ಸರಿಯೆನಿಸಿತು. ಕೈ ಹಿಡಿದು ಕರೆದುಕೊಂಡು ಹೋದೆ, ಎಲ್ಲರೂ ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ಗಳಿಗೆ ಒಯ್ಯುವ ಮಡಚುವ ಕುರ್ಚಿ ಹಾಕಿ ದಂಡೆಯಲ್ಲಿ ಕೂರಿಸಿ, ನನ್ನ ಕಪ್ಪು ಕನ್ನಡಕವನ್ನು ಅವರ ಮೂಗಿಗೇರಿಸಿದೆ. ಕೊಂಬೆಯ ಮೇಲಿನ ಹೂವನ್ನು ಜರಡಿಯಿಂದ ಎತ್ತಿದ ಮೇಲೆ ಒಂದು ಮುದ್ದೆ ಕಂಡಿತು. ಲೋಳೆಯೊಳಗೆ ಒಂದೊಂದು ಮೊಟ್ಟೆಯಲ್ಲೂ ಚುಕ್ಕೆ ಉದ್ದವಾಗಿ, ಸ್ವಲ್ಪ ಬಾಗಿ, ಮಲಗಿದ ಹಾಗಿತ್ತು.

ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು. "ಇದೆಲ್ಲಾ ಮರಿಗಳೇನೆ?"

"ಹೂಂ."

"ಅಲ್ಲಾ, ಇದು ಬಾಣಂತಿ ಕೋಣೆ. ಇದರೊಳಗೆ ಚೀಲ ಸುರಿದು ಬಂದೆನಲ್ಲೆ ನಾನು." ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಕೊಳ ಅಂತ ಯಾಕೆ ಹೇಳ್ತಿದ್ದೆ? ಬಾಣಂತಿ ಕೋಣೆ ಅಂದಿದ್ರೆ ಹೊಸ್ತಿಲು ತುಳೀತಿದ್ನಾ?"

"ನಾನು ಹೊಂಡ ಅಂತಿದ್ದೆ ಅತ್ತೆ. ಕೊಳ ಅಂದಿದ್ದು ನೀವು."

"ಹಾಂ, ವಾದ ಮಾಡು. ಮೊದಲು ಆ ಸೇವಂತಿಗೆ ತೆಗಿ. ಎಡಗಡೆ. ಇನ್ನೂ ಎಡಗಡೆ. ಅನ್ನಕ್ಕೆ ಅಕ್ಕಿ ಜಾಲಿಸ್ದಂಗೆ ಜಾಲಿಸ್ಬೇಡ, ಹಾಲಿನ ಕೆನೆ ತೆಗೆದಂಗೆ ತೆಗಿ."

ಹೇಳಿದ ರೀತಿ ಸರಿಯಾಗಿತ್ತು. ಕೆನೆ ತೆಗೆದ ಹಾಗೆ ತೆಗೆದರೆ ನೀರು ಕಲಕಲೇ ಇಲ್ಲ. ನಾನು ಎತ್ತುವುದು, ಅವರು ತೊಡೆಯ ಮೇಲಿನ ಅದೇ ಬಾಸ್ಮತಿ ಚೀಲಕ್ಕೆ ತುಂಬಿಕೊಳ್ಳುವುದು. ಹೀಗೆ ಮೂರು ತಿಂಗಳ ಪೂಜೆ ನೀರಿನಿಂದ ಹಿಂದಕ್ಕೆ ಬಂತು. ಕೆಳಗೆ ಮುಳುಗಿದ್ದನ್ನು ಹಾಗೇ ಬಿಟ್ಟೆವು. ಬಣ್ಣಕ್ಕೆ ಮಾತ್ರ ನಮ್ಮಲ್ಲಿ ಉಪಾಯವಿರಲಿಲ್ಲ.

ಆ ಸಂಜೆ ದೀಪ ಹಚ್ಚುವಾಗ ಅತ್ತೆ ಎಂದಿನಂತೆ ಮಗನ ಪ್ರಮೋಷನ್, ಮೊಮ್ಮಗಳ ಪರೀಕ್ಷೆ ಎಲ್ಲ ಹೇಳಿ, ಕೊನೆಯಲ್ಲಿ ಸಣ್ಣ ದನಿಯಲ್ಲಿ ಮಳೆ ಕೇಳಿದರು. ಎರಡು ದಿನ ಬಿಟ್ಟು ಮಳೆ ಬಂತು. ಜಾರ್ಜಿಯಾದಲ್ಲಿ ಆ ತಿಂಗಳು ಮಳೆ ಹೇಗೂ ಬರುತ್ತದೆ ಎಂದು ಯಜಮಾನರು ಅಂದರು. ಬರುತ್ತದೆ, ಗೊತ್ತು. ಹೇಗೂ ಬರುವುದಕ್ಕೂ ಕೈ ಮುಗಿಯಬಾರದು ಎಂದೇನೂ ಇಲ್ಲವಲ್ಲ. ಹೊಂಡ ತುಂಬಿ ಒಂದು ಪಕ್ಕಕ್ಕೆ ಹರಿದು, ಹಳದಿ ತೆಳುವಾಗುತ್ತ ಹೋಯಿತು. ನಾನು ಹತ್ತಿರ ಹೋಗಲಿಲ್ಲ. ಅತ್ತೆ ದಿನಾ ಕಿಟಕಿಯಿಂದ ನೋಡಿ, "ಇವತ್ತು ಬರೀ ನಿಂಬೆಹಣ್ಣಿನ ಶರಬತ್ತಿನಷ್ಟಿದೆ" ಎಂದು ವರದಿ ಕೊಡುತ್ತಿದ್ದರು.

ಟೀಚರ್ ಬಂದ ದಿನ ಬಿಸಿಲಿತ್ತು. ಅತ್ತೆ ರೇಷ್ಮೆ ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡು ಕುರ್ಚಿಯೊಡನೆ ಮೊದಲೇ ದಂಡೆಗೆ ಹೋಗಿ ಕೂತಿದ್ದರು. ಟೀಚರ್ ಬೂಟು ಹಾಕಿ ನಿಧಾನವಾಗಿ ಇಳಿದರು. ನೀರೊಳಗೆ ನೋಡುತ್ತಿದ್ದವರು ತಟ್ಟನೆ ನಿಂತರು.

"ಇಲ್ಲಿ ನೆಲಗಪ್ಪೆಯ ದಾರವೂ ಇದೆಯಲ್ಲ. ಇಷ್ಟು ಬೇಗ?" ಎಂದು ಎರಡು ಬೆರಳಿನಿಂದ ಮೆಲ್ಲನೆ ಎತ್ತಿದರು. ಉದ್ದನೆಯ ಬಿಳಿ ಎಳೆ, ಅಲ್ಲಲ್ಲಿ ಉಬ್ಬು, ಉಬ್ಬಿನ ನಡುವೆ ಕಪ್ಪುಗಟ್ಟಿದ ಒಂದೊಂದು ಚುಕ್ಕೆ.

"ಅದು ದೇವರ ಗೆಜ್ಜೆವಸ್ತ್ರ ಅಂತ ಹೇಳೆ ಆಯಮ್ಮಂಗೆ," ಅತ್ತೆ ಕುರ್ಚಿಯಿಂದಲೇ ಹೇಳಿದರು. "ನಾನೇ ಹತ್ತಿ ಹೊಸೆದಿದ್ದು. ಚುಕ್ಕೆ ಕುಂಕುಮದ್ದು."

ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. ಟೀಚರ್ ಅದನ್ನು ಹಿಡಿದುಕೊಂಡೇ ನಗತೊಡಗಿದರು, ದಂಡೆ ಹಿಡಿದು ಸುಧಾರಿಸಿಕೊಳ್ಳಬೇಕಾಯಿತು. ನಂತರ ಅದನ್ನು ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಟರು. ಯಾರೂ ಹೇಳಿಕೊಡದೆ ಎರಡೂ ಕೈಯಿಂದ ಕೊಟ್ಟಿದ್ದು ಅತ್ತೆಗೆ ಬಹಳ ಹಿಡಿಸಿತು.

ಆಮೇಲೆ ಕೊಂಬೆಯ ಸರದಿ. ಟೀಚರ್ ಒಂದೊಂದರ ಅಡಿಗೂ ಅಂಗೈ ಕೊಟ್ಟು, ತಲೆ ಬಗ್ಗಿಸಿ ನೋಡುತ್ತ ಹೋದರು. ಎರಡು ಮುದ್ದೆಗಳು ಹತ್ತಿಯಂತೆ ಬೂಸ್ಟು ಕಟ್ಟಿ ಬೆಳ್ಳಗಾಗಿದ್ದವು. ಉಳಿದ ಐದರೊಳಗೆ ಮರಿಗಳು ಬಾಲ ಮಡಿಚಿಕೊಂಡು ಮಲಗಿದ್ದವು. ಟೀಚರ್ ಕೈ ಅಲುಗಿದಾಗ ಒಂದು ಮರಿ ಮಗ್ಗುಲು ಬದಲಿಸಿತು.

"ಹೋದ ಎರಡು ಅರಿಶಿನದಿಂದಲಾ?" ಎಂದು ಕೇಳಿದೆ.

"ಗೊತ್ತಿಲ್ಲ. ಎಲ್ಲ ಹೊಂಡದಲ್ಲೂ ಕೆಲವು ಹೋಗುತ್ತವೆ. ಐದು ಸಾಕು, ಹೊಂಡ ನಿನ್ನದು" ಎಂದರು.

ಅತ್ತೆಗೆ ನಾನು ಕನ್ನಡದಲ್ಲಿ ಹೇಳಿದೆ. ಅವರು ಹೋದ ಎರಡಕ್ಕೆ ಒಂದು ಕ್ಷಣ ಕಣ್ಣು ಮುಚ್ಚಿದರು, ಆಮೇಲೆ ಟೀಚರ್ ಕಡೆ ತಿರುಗಿ, "ಕಾಫಿ?" ಎಂದರು.

ಆ ಚೀಲದ ಹೂವು ನಮ್ಮ ಮನೆ ಮುಂದಿನ ಕ್ಯಾಮೆಲಿಯಾ ಗಿಡದ ಬುಡದಲ್ಲಿ ಗುಂಡಿ ತೋಡಿ ಮಣ್ಣಿಗೆ ಹೋಯಿತು. ಅಲ್ಲಿಂದ ಮುಂದೆ ದಿನದ ನಿರ್ಮಾಲ್ಯವೂ ಅಲ್ಲಿಗೇ. ನಾಯಿಯವರು ಬರದ ಹಾಗೆ ಅತ್ತೆಯೇ ಸುತ್ತ ಕಲ್ಲು ಜೋಡಿಸಿದರು.

ಟೀಚರ್ ಕಾಫಿ ಕುಡಿದು ಹೋದ ಮೇಲೆ ನಾನು ಜರಡಿಯನ್ನು ಕೋಲಿನಿಂದ ಬಿಚ್ಚಿ, ಕುದಿಯುವ ನೀರಿನಲ್ಲಿ ತೊಳೆದು, ರಾತ್ರಿಯ ಅನ್ನಕ್ಕೆಂದು ಸಿಂಕಿನ ಪಕ್ಕ ಇಟ್ಟೆ. ಅತ್ತೆ ನೋಡಿದರು.

"ಅದನ್ನ ಅಡುಗೆಮನೆಗೆ ತರಬೇಡ ಕಣೆ."

"ಚೆನ್ನಾಗಿ ತೊಳೆದಿದ್ದೀನಿ ಅತ್ತೆ."

"ನಮಗೆ ಕೊಳೆ ಅಂತಲ್ಲ. ನಾಳೆ ಮತ್ತೆ ಆ ಮರಿಗಳಿಗೆ ಬೇಕಾದ್ರೆ, ನಮ್ಮ ಎಂಜಲು ಮುಸುರೆ ತಾಗಿರಬಾರದು." ತಾವೇ ಅದನ್ನು ಒಯ್ದು ಗರಾಜಿನಲ್ಲಿ ನನ್ನ ಬೂಟುಗಳ ಮೇಲಿನ ಮೊಳೆಗೆ ನೇತುಹಾಕಿ ಬಂದರು. ಆ ರಾತ್ರಿ ಅಕ್ಕಿಯನ್ನು ಪಾತ್ರೆಯಲ್ಲೇ ತೊಳೆದು, ಕೈ ಅಡ್ಡ ಹಿಡಿದು ನೀರು ಬಸಿದೆ.